ಠಾಣೆಯಲ್ಲಿ ಬರೆಸಿದ ಕಾರಣ

ಪೊಲೀಸ್ ಠಾಣೆಗೆ ತಾನೂ ಬರುತ್ತೇನೆಂದು ಅಜ್ಜಿ ಹಟ ಹಿಡಿದಾಗ ಮೊಮ್ಮಗಳು ಫೆಲೊಕಾಜಿ ಹೊಸಿಲಲ್ಲೇ ನಿಂತುಬಿಟ್ಟಳು. ಗುರುವಾರ ಅಜ್ಜಿ ಎಲ್ಲಿಗೂ ಹೊರಡುವವಳಲ್ಲ. ಗುರುವಾರ ಮಧ್ಯಾಹ್ನ ಚರ್ಚಿನ ಹೆಂಗಸರ ಪ್ರಾರ್ಥನೆ; ಬೆಳಗಾಗುವಷ್ಟರಲ್ಲಿ ಕೆಂಪು ಮೇಲಂಗಿಗೆ ಇಸ್ತ್ರಿಯಾಗಿ, ಬಿಳಿ ಕಾಲರಿಗೆ ಗಂಜಿ ಬಿದ್ದು, ಆಮೇಲೆ ಮನೆಯಲ್ಲಿ ಯಾರೂ ಜೋರಾಗಿ ಕೆಮ್ಮುವಂತೆಯೂ ಇರಲಿಲ್ಲ. ಇವತ್ತು ಅದೇ ಕೆಂಪು ಮೇಲಂಗಿ ತೊಟ್ಟು, ಬಿಳಿ ಟೋಪಿಯನ್ನು ಮಾತ್ರ ಚೀಲದಲ್ಲಿಟ್ಟುಕೊಂಡು, ಬಾಗಿಲಿಗೆ ಬೀಗ ಹಾಕಲು ತಯಾರಾಗಿ ನಿಂತಿದ್ದಾಳೆ.

"ಬರೀ ಒಂದು ಸೀಲು ಅಜ್ಜಿ. ಐದು ನಿಮಿಷದ ಕೆಲಸ."

"ಐದು ನಿಮಿಷದ ಕೆಲಸಕ್ಕೆ ನಾನು ಬಂದ್ರೆ ನಿಂಗೇನು ಕಷ್ಟ? ಹೆಣ್ಣುಮಗಳು ಒಬ್ಳೇ ಠಾಣೆ ಮೆಟ್ಲು ಹತ್ತಿದ್ರೆ ನೋಡ್ದೋರು ಏನಂತಾರೆ? ಕದ್ದು ಸಿಕ್ಕಿಬಿದ್ಲು ಅಂತಾರೆ, ಇಲ್ಲಾ ಬಸಿರಾಗಿ ದೂರು ಕೊಡೋಕೆ ಬಂದ್ಲು ಅಂತಾರೆ. ನಾನಿದ್ರೆ ಯಾರ ನಾಲಿಗೇನೂ ಏಳಲ್ಲ. ಅದೂ ಅಲ್ದೆ ಆ ಪೊಲೀಸಿನೋನಿಗೆ ನಾನೇ ಒಂದು ಮಾತು ಹೇಳ್ಬೇಕು."

ಆ ಒಂದು ಮಾತು ಏನೆಂದು ಫೆಲೊಕಾಜಿಗೆ ಗೊತ್ತಿತ್ತು. ಅದೇ ಅವಳ ಕಷ್ಟ. ಶಾಲೆ ಮುಗಿಸಿ ಕೆಲಸ ಸಿಗದೆ ಮನೆಯಲ್ಲಿ ಕೂತವರಿಗೆ ಸರ್ಕಾರ ತಿಂಗಳಿಗಿಷ್ಟು ಅಂತ ಕೊಡುವ ಭತ್ಯೆಗೆ ಅವಳು ಅರ್ಜಿ ಹಾಕಿದ್ದಳು. ಹದಿನೆಂಟು ತುಂಬಿದ ತಿಂಗಳೇ ಅವಳ ಹೆಸರಿಗೆ ಸರ್ಕಾರದಿಂದ ಬರುತ್ತಿದ್ದ ಮಕ್ಕಳ ಹಣ ನಿಂತುಹೋಗಿ, ಈಗ ಮನೆ ನಡೆಯುವುದು ಅಜ್ಜಿಯ ಪಿಂಚಣಿಯೊಂದರಲ್ಲೇ. ಕಳೆದ ತಿಂಗಳು ಫೋನಿಗೆ ಉತ್ತರ ಬಂತು. ಅರ್ಜಿ ತಿರಸ್ಕರಿಸಲಾಗಿದೆ, ಕಾರಣ, ನೀವು ಓದಿಗೆ ಸರ್ಕಾರ ಹಣ ಕೊಡುವ ವಿದ್ಯಾರ್ಥಿ ನಿಧಿಯ ಪಟ್ಟಿಯಲ್ಲಿದ್ದೀರಿ. ಓದುತ್ತಿಲ್ಲವಾದರೆ, ಯಾಕೆ ಓದುತ್ತಿಲ್ಲವೆಂದು ಪೊಲೀಸರೆದುರು ಪ್ರಮಾಣ ಮಾಡಿದ ಹೇಳಿಕೆಯನ್ನು ಮೂವತ್ತು ದಿನದೊಳಗೆ ಕಳಿಸಿ ಮೇಲ್ಮನವಿ ಮಾಡಬಹುದು. ಮೂವತ್ತನೆಯ ದಿನ ನಾಳೆ. ಮೂರು ವಾರ ಅವಳು ಏನೂ ಮಾಡದೆ ಕೂತಿದ್ದಳು. ಫೋನನ್ನು ಹಾಸಿಗೆಯ ಕೆಳಗಿಟ್ಟು, ಹೊರಗೆ ಬಂದು, ಮತ್ತೆ ಒಳಗೆ ಹೋಗಿ ಅದನ್ನೇ ತೆಗೆದು ಓದುವುದು. ನೀವು ವಿದ್ಯಾರ್ಥಿ ನಿಧಿಯ ಪಟ್ಟಿಯಲ್ಲಿದ್ದೀರಿ. ಓದಿದಾಗೆಲ್ಲ ಸಿಟ್ಟು ಬರಬೇಕಿತ್ತು. ಬರುತ್ತಿದ್ದದ್ದು ಬೇರೇನೋ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಸಮಾಧಾನ.

ಆ ಸಂದೇಶವನ್ನು ಅಜ್ಜಿಗೆ ಮನೆಮಾತಾದ ಖೋಸಾದಲ್ಲಿ ಹೇಳಿದ್ದೇ ದೊಡ್ಡ ತಪ್ಪಾಯಿತು. ಅಜ್ಜಿಗೆ ಬೈಬಲ್ ಓದಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಒಲೆಯ ಮೇಲೆ ಕುಟ್ಟಿದ ಜೋಳ, ಹುರುಳಿಕಾಯಿ ಬೀಜ ಬೇಯುತ್ತಿದ್ದವು. ಹಣ ಕೊಡಲ್ಲವಂತೆ, ನಾನು ವಿದ್ಯಾರ್ಥಿ ಅಂತ ಅವರ ಪಟ್ಟಿಯಲ್ಲಿದೆಯಂತೆ ಅಂದಳು ಫೆಲೊಕಾಜಿ. ಅಜ್ಜಿ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, "ಇನ್ನೊಂದ್ಸಲ ಹೇಳು" ಅಂದಳು. ಇನ್ನೊಂದು ಸಲ ಹೇಳಿದಳು. "ಅಂದ್ರೆ ನಿನ್ನ ಹೆಸರು ಇನ್ನೂ ಇದೆ. ಬಿಟ್ಟಿಲ್ಲ ಅವ್ರು," ಅಂದವಳೇ ಅಜ್ಜಿ ಕೂತುಬಿಟ್ಟಳು. ಎಂಟು ತಿಂಗಳಿಂದ ಅವಳ ಮುಖದ ಮೇಲೆ ಇಲ್ಲದ ಕಳೆ ಅದು. ಮುಂದಿನ ಗುರುವಾರದ ಪ್ರಾರ್ಥನೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದಳಂತೆ: ಮುಷ್ಕರ ಅಂತ ವಿಶ್ವವಿದ್ಯಾಲಯದಿಂದ ಹುಡುಗಿಯನ್ನು ಮನೆಗೆ ಕಳಿಸಿದ್ದರು, ಮರೆತೇಬಿಟ್ಟರೇನೋ ಅಂದುಕೊಂಡಿದ್ದೆ, ಸರ್ಕಾರವೇ ಕಾಗದ ಬರೆದು ಇಲ್ಲ, ಅವಳು ನಮ್ಮ ವಿದ್ಯಾರ್ಥಿನಿ ಅಂದಿದೆ. ಹೆಂಗಸರು ಹಾಡಿದರಂತೆ. ಪಕ್ಕದ ಮನೆಯ ಬುಲೆಲ್ವಾ ಇದನ್ನು ಬಂದು ಹೇಳಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಬುಲೆಲ್ವಾ ಹನ್ನೊಂದನೆಯ ತರಗತಿಯಲ್ಲೇ ಶಾಲೆ ಬಿಟ್ಟವಳು, ಅವಳಿಗೆ ತಿಂಗಳು ತಿಂಗಳು ತಪ್ಪದೆ ಭತ್ಯೆ ಬರುತ್ತದೆ. "ಪಾಸಾದೋಳಿಗೆ ಇಲ್ಲ, ಶಾಲೆ ಬಿಟ್ಟೋಳಿಗೆ ಉಂಟು. ನೀನೂ ನನ್ನ ಥರ ದಡ್ಡಿಯಾಗಿದ್ರೆ ಎಷ್ಟು ಚೆನ್ನಾಗಿತ್ತು ನೋಡು," ಅಂದಿದ್ದಳು, ಪ್ರೀತಿಯಿಂದಲೇ.

ಅಜ್ಜಿ ಈಗ ಪೊಲೀಸಿನವನಿಗೆ ಹೇಳಬೇಕೆಂದಿರುವ ಮಾತು ಇಷ್ಟೇ: ಭತ್ಯೆ ಕೊಟ್ಟರೆ ಕೊಡಲಿ, ಆದರೆ ಹೆಸರು ಮಾತ್ರ ಪಟ್ಟಿಯಿಂದ ತೆಗೆಯಬಾರದು.

ಊರಿನಿಂದ ಪಟ್ಟಣಕ್ಕೆ ಹೋಗುವ ಬಿಳಿ ವ್ಯಾನಿನಲ್ಲಿ ಅಜ್ಜಿ ಮುಂದಿನ ಸೀಟಿನಲ್ಲಿ ಕೂತಳು, ಅವಳು ಹಿಂದೆ, ಸಿಮೆಂಟು ಚೀಲವೊಂದಕ್ಕೆ ಮೊಣಕಾಲು ಒತ್ತಿಕೊಂಡು. ಚಾಲಕ ಕನ್ನಡಿಯಲ್ಲಿ ನೋಡಿ, "ಏನಮ್ಮಾ ಡಾಕ್ಟ್ರೇ, ರಜಾ ಇನ್ನೂ ಮುಗೀಲಿಲ್ವಾ? ಎಂಥಾ ವಿಶ್ವವಿದ್ಯಾಲಯನಪ್ಪಾ ಅದು, ನಾನೂ ಸೇರ್ಕೋತೀನಿ," ಅಂದ. ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳು. "ನಿನ್ನಂಥೋನ್ನ ಗೇಟಿನ ಹತ್ರಾನೂ ಬಿಡಲ್ಲ, ರಸ್ತೆ ನೋಡ್ಕೊಂಡು ಓಡ್ಸು," ಅಂದಳು. ಅಜ್ಜಿ ಎಷ್ಟು ಹಗುರಾಗಿ ನಗುತ್ತಾಳೆ. ಸುಳ್ಳನ್ನು ಸುಳ್ಳೆಂದು ಗೊತ್ತಿಲ್ಲದೆ ಹೊತ್ತವರಿಗೆ ಅದರ ಭಾರ ತಿಳಿಯುವುದಿಲ್ಲ. ಮುಷ್ಕರ ನಡೆದದ್ದು ನಿಜ, ವಿದ್ಯಾರ್ಥಿಗಳು ಗೇಟಿನಲ್ಲಿ ಹಾಡು ಹೇಳಿ ಕುಣಿದದ್ದು ನಿಜ, ರೇಡಿಯೋದಲ್ಲೂ ಬಂದಿತ್ತು. ಅದು ಒಂದು ವಾರಕ್ಕೆ ಮುಗಿದದ್ದು ಮಾತ್ರ ರೇಡಿಯೋದಲ್ಲಿ ಬರಲಿಲ್ಲ. ಬಂದಿದ್ದರೂ ಅಜ್ಜಿ ಆಗ ಹಂದಿಗೆ ಮುಸುರೆ ಹಾಕುತ್ತಿದ್ದಳೋ ಏನೋ. ಕರೆದ ಮೇಲೆ ಹೋಗಬೇಕು ಅಂತ ಫೆಲೊಕಾಜಿ ಒಂದೇ ಒಂದು ಸಲ ಹೇಳಿದ್ದು. ಆಮೇಲೆ ಅವಳು ಹೇಳಬೇಕಾಗಲೇ ಇಲ್ಲ, ಊರಿಗೆಲ್ಲ ಅಜ್ಜಿಯೇ ಹೇಳಿದಳು.

ವ್ಯಾನು ಸೇತುವೆ ದಾಟಿತು. ಫೆಬ್ರವರಿಯಲ್ಲಿ ಇದೇ ಸೇತುವೆಯವರೆಗೆ ದೊಡ್ಡಪ್ಪ ನಡೆದು ಬಂದು ಕಳಿಸಿಕೊಟ್ಟಿದ್ದ. ಅದರ ಹಿಂದಿನ ದಿನ ದನದ ದೊಡ್ಡಿಯಲ್ಲಿ ಆಡು ಕಡಿದು, ಕುಲದಲ್ಲಿ ತೀರಿಹೋದ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದು, ಈ ಮಗು ದೂರ ಹೋಗುತ್ತಿದೆ, ಈ ಮನೆಯಿಂದ ವಿಶ್ವವಿದ್ಯಾಲಯದ ಬಾಗಿಲು ದಾಟುವ ಮೊದಲನೆಯವಳು, ದಾರಿಯಲ್ಲಿ ಜೊತೆಗಿರಿ ಅಂತ ಅವನು ತಿಳಿಸಿದ್ದ. ಕಡಿಯುವಾಗ ಆಡು ಗಟ್ಟಿಯಾಗಿ ಅರಚಿತು; ಹಿರಿಯರು ಒಪ್ಪಿದರು ಅಂತ ಎಲ್ಲರೂ ಸಂತೋಷಪಟ್ಟರು. ಹೆಂಗಸರೆಲ್ಲ ದೊಡ್ಡಿಯ ಆಚೆ ನಿಂತಿದ್ದರು, ಅವಳೂ ನಿಂತಿದ್ದಳು, ಹೊಸ ಕಂಬಳಿ ಹೊದ್ದುಕೊಂಡು. ಆಗ ಅವಳಿಗೆ ಆದದ್ದು ಹೆದರಿಕೆಯೇ ಹೊರತು ಸಂತೋಷವಲ್ಲ. ಸತ್ತವರಿಗೂ ತಿಳಿಸಿಯಾಯಿತಲ್ಲ, ಇನ್ನು ತಪ್ಪಿಸಿಕೊಳ್ಳುವಂತಿಲ್ಲ ಅಂತ ಅನಿಸಿದ್ದು ನೆನಪಿದೆ. ಯಾವುದರಿಂದ ತಪ್ಪಿಸಿಕೊಳ್ಳಬೇಕಿತ್ತು? ಅವಳೇ ಬಯಸಿ, ರಾತ್ರಿಯೆಲ್ಲ ಓದಿ, ಗಣಿತದಲ್ಲಿ ಶಾಲೆಗೇ ಮೊದಲು ಬಂದು ಗಳಿಸಿದ ಜಾಗ ಅದು.

ಠಾಣೆಯ ಪಡಸಾಲೆಯಲ್ಲಿ ಎರಡು ಬೆಂಚು. ಕಳೆದುಹೋದ ಗುರುತಿನ ಚೀಟಿ, ಕಳವಾದ ಕುರಿ, ಸತ್ತವನ ಹೆಸರು ತಪ್ಪಾದ ಕಾಗದ, ಇವೆಲ್ಲಕ್ಕೂ ಪ್ರಮಾಣದ ಹೇಳಿಕೆ ಬೇಕು, ಸೀಲು ಬೇಕು, ಎಲ್ಲಕ್ಕೂ ಒಬ್ಬನೇ ಕಾನ್‌ಸ್ಟೇಬಲ್. ತ್ಯಾಲಿ ಅಂತ ಅವನ ಅಂಗಿಯ ಮೇಲಿತ್ತು. ಇಪ್ಪತ್ತೈದರ ಆಸುಪಾಸು, ಎಡಗೈಯಲ್ಲಿ ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ, ಬಲಗೈಯಲ್ಲಿ ಪೆನ್ನು. ಅಜ್ಜಿ ಬೆಂಚಿನ ತುದಿಗೆ ಕೂತು ಚೀಲದಿಂದ ಹುಳಿ ಅಂಬಲಿಯ ಬಾಟಲಿ ತೆಗೆದು ಪಕ್ಕದವಳಿಗೂ ಕೊಟ್ಟು ಮಾತಿಗೆ ಶುರುವಿಟ್ಟಳು. "ಮೊಮ್ಮಗಳದೊಂದು ಕಾಗದ ಇತ್ತು. ವಿಶ್ವವಿದ್ಯಾಲಯದ್ದು."

ಸಾಲು ಒಂದೊಂದಾಗಿ ಸರಿಯುತ್ತಿತ್ತು. ಸಾಲು ಸರಿದಂತೆಲ್ಲ ಅವಳಿಗೆ ವಿಶ್ವವಿದ್ಯಾಲಯಕ್ಕೆ ಸೇರುವವರ ಆ ಇನ್ನೊಂದು ಸಾಲು ನೆನಪಾಗುತ್ತಿತ್ತು. ಮೂರು ದಿನ ನಿಂತಿದ್ದಳು ಅಲ್ಲಿ, ಸಮುದ್ರದ ಕಡೆಯ ಆ ಊರಿನಲ್ಲಿ, ಆಟದ ಹಾಲಿನ ನೆಲದ ಮೇಲೆ ನೂರಾರು ಹುಡುಗಿಯರ ಜೊತೆ ಮಲಗಿ, ಬೆಳಗಾದರೆ ಮತ್ತೆ ಸಾಲು. ಮೂರನೆಯ ದಿನ ಸಂಜೆ ಕಿಟಕಿಗೆ ತಲುಪಿದಳು. ಒಳಗಿದ್ದ ಹೆಂಗಸು ಕಾಗದಗಳನ್ನೆಲ್ಲ ತಿರುವಿ, ನಿಧಿಯ ಒಪ್ಪಿಗೆ ಇದೆ, ಅಂಕಪಟ್ಟಿ ಇದೆ, ಊರಿನ ಮುಖಂಡನ ಪತ್ರ ಎಲ್ಲಿ ಮಗು ಅಂದಳು. ಪತ್ರ ಚೀಲದಲ್ಲಿತ್ತು. ಕಂಬಳಿಯ ಕೆಳಗೆ, ಬೈಬಲ್ಲಿನೊಳಗೆ ಮಡಿಸಿಟ್ಟಿದ್ದದ್ದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಹಿಂದೆ ನಿಂತ ಹುಡುಗಿಯರು ಇಂಗ್ಲಿಷಿನಲ್ಲಿ ಏನೋ ಹೇಳಿ ನಿಟ್ಟುಸಿರು ಬಿಟ್ಟರು. ಎಲ್ಲರೆದುರು ನೆಲದ ಮೇಲೆ ಚೀಲ ಬಿಚ್ಚಬೇಕು, ಕಂಬಳಿ ತೆಗೆಯಬೇಕು, ಅಜ್ಜಿ ಕಟ್ಟಿಕೊಟ್ಟ ಕೋಳಿಯ ಡಬ್ಬಿ ಆಗಲೇ ನಾರುತ್ತಿತ್ತು. "ಇಲ್ಲ, ತಂದಿಲ್ಲ" ಅಂದುಬಿಟ್ಟಳು. ಹೆಂಗಸು ಬೈಯಲಿಲ್ಲ. ಗುರುತಿನ ಒಂದು ಚೀಟಿ ಬರೆದುಕೊಟ್ಟು, ನಾಳೆ ಬೆಳಿಗ್ಗೆ ಸಾಲಿನಲ್ಲಿ ನಿಲ್ಲಬೇಡ, ಈ ಚೀಟಿ ತೋರಿಸಿ ನೇರ ನನ್ನ ಹತ್ತಿರ ಬಾ, ಪತ್ರ ಇಲ್ಲದಿದ್ದರೂ ಏನಾದರೂ ಮಾಡೋಣ ಅಂದಳು. ಮರುದಿನ ಬೆಳಿಗ್ಗೆ ಫೆಲೊಕಾಜಿ ಮುಖ ತೊಳೆದು, ತಲೆ ಬಾಚಿ, ಪತ್ರವನ್ನು ಕೈಯಲ್ಲಿ ಹಿಡಿದುಕೊಂಡು, ಕಿಟಕಿಗೆ ಎದುರಾಗಿದ್ದ ಕಟ್ಟೆಯ ಮೇಲೆ ಕೂತಳು. ಎದ್ದರೆ ಇಪ್ಪತ್ತು ಹೆಜ್ಜೆ. ಪತ್ರ ತಂದಿಲ್ಲವೆಂದವಳು ಈಗ ಪತ್ರ ತೋರಿಸಿದರೆ ಆ ಹೆಂಗಸು ಏನೆಂದುಕೊಂಡಾಳು? ಇದೂ ಒಂದು ಕಾರಣವೇ? ಹೆಂಗಸು ಎರಡು ಸಲ ತಲೆ ಹೊರಹಾಕಿ ಸಾಲಿನ ಮುಖಗಳನ್ನು ನೋಡಿದಳು, ತನ್ನನ್ನೇ ಹುಡುಕಿದ್ದು ಅಂತ ಅವಳಿಗೆ ಈಗಲೂ ಖಾತ್ರಿ. ಏಳು, ಏಳು ಅಂತ ತನಗೇ ಹೇಳಿಕೊಂಡಳು. ಮಧ್ಯಾಹ್ನವಾಯಿತು. ಕಿಟಕಿ ಮುಚ್ಚಿತು. ಅವಳು ಚೀಲ ಹೊತ್ತು ಬಸ್ಸಿನ ಕಡೆ ನಡೆದಳು. ಯಾರೂ ಅವಳನ್ನು ಬೇಡ ಅನ್ನಲಿಲ್ಲ. ಎಂಟು ತಿಂಗಳಿಂದ ಈ ಒಂದು ಮಾತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಇದ್ದಳು. ಯಾರಾದರೂ ಬೇಡ ಅಂದಿದ್ದರೆ ಎಷ್ಟು ಸುಲಭವಾಗುತ್ತಿತ್ತು, ಅತ್ತು ಹೇಳಿಬಿಡಬಹುದಿತ್ತು.

"ಮುಂದಿನೋರು," ಅಂದ ತ್ಯಾಲಿ.

ಅವಳು ಅಜ್ಜಿಯನ್ನು ನೋಡದೆ ಬೇಗ ಎದ್ದಳು. ಅಜ್ಜಿ ಅವಳಿಗಿಂತ ಬೇಗ ಎದ್ದಳು.

"ನಮಸ್ಕಾರ ಅಮ್ಮ. ತಮ್ಮ ಕುಲ?" ಅಂತ ಕೇಳಿದ ಕಾನ್‌ಸ್ಟೇಬಲ್, ಹಿಟ್ಟಿನುಂಡೆಯನ್ನು ಪಕ್ಕಕ್ಕಿಟ್ಟು.

"ದ್ಲೊಮೊ."

"ಓ, ನಮ್ಮ ತಾಯಿ ಕಡೆಯೋರೇ ಆದ್ರಿ. ಕೂತ್ಕೊಳಿ ಮಾದ್ಲೊಮೊ. ಏನಾಗ್ಬೇಕು?" ಹಿರಿಯ ಹೆಂಗಸನ್ನು ಕರೆಯಬೇಕಾದಂತೆ ಕುಲದ ಹೆಸರು ಹಿಡಿದೇ ಕರೆದ.

"ಇವಳ ಕಾಗದ. ನೋಡಪ್ಪಾ ಮಗಾ, ನೀನು ಏನಾದ್ರೂ ಬರಿ, ಹೆಸರು ಮಾತ್ರ ಆ ಪಟ್ಟಿಯಿಂದ ಹೋಗ್ಬಾರ್ದು."

ಅವನಿಗೆ ಅರ್ಥವಾಗಲಿಲ್ಲ. ಫೆಲೊಕಾಜಿ ಫೋನು ಮುಂದಿಟ್ಟಳು. ಸಂದೇಶ ಓದಿ ಅವನು ತಲೆಯಾಡಿಸಿದ. ದಿನಕ್ಕೆ ಇಂಥವು ನಾಲ್ಕೈದು ಬರುತ್ತವೆ ಅವನಿಗೆ. ಕಾಗದ ಎಳೆದುಕೊಂಡು, ಗುರುತಿನ ಸಂಖ್ಯೆ ಕೇಳಿ, ಕೈ ನಿಲ್ಲಿಸದೆ ಇಂಗ್ಲಿಷಿನಲ್ಲಿ ಬರೆಯತೊಡಗಿದ. ಬರೆದದ್ದನ್ನು ಪ್ರಮಾಣಕ್ಕೆ ಮುಂಚೆ ಓದಿ ಹೇಳಬೇಕು, ಅದು ನಿಯಮ. ಅವಳಿಗೆ ಇಂಗ್ಲಿಷ್ ಬರುತ್ತದೆಂದು ಅವನಿಗೆ ಗೊತ್ತಿತ್ತು. ಆದರೆ ಪಕ್ಕದಲ್ಲಿ ಕೆಂಪು ಮೇಲಂಗಿಯ ಹಿರಿಯಳು ಕೂತಿದ್ದಾಳೆ, ಅವಳ ಕಿವಿಗೆ ಬೀಳದಂತೆ ಓದುವುದು ಅಗೌರವ. ಅವನು ಸ್ಪಷ್ಟವಾಗಿ, ದೊಡ್ಡ ದನಿಯಲ್ಲಿ, ಖೋಸಾದಲ್ಲಿ ಓದಿದ:

"ನಾನು ಫೆಲೊಕಾಜಿ, ಈ ಮೂಲಕ ಹೇಳುವುದೇನೆಂದರೆ, ನಾನು ಯಾವುದೇ ವಿಶ್ವವಿದ್ಯಾಲಯಕ್ಕೆ ಸೇರಿರುವುದಿಲ್ಲ. ವಿದ್ಯಾರ್ಥಿ ನಿಧಿಯಿಂದ ಏನನ್ನೂ ಪಡೆದಿರುವುದಿಲ್ಲ. ಹಣದ ಕೊರತೆಯಿಂದಾಗಿ ಸೇರಲು ಸಾಧ್ಯವಾಗಿರುವುದಿಲ್ಲ. ಪಟ್ಟಿಯಿಂದ ನನ್ನ ಹೆಸರನ್ನು ತೆಗೆದುಹಾಕಬೇಕೆಂದು ಕೋರುತ್ತೇನೆ."

 ಅಂಬಲಿ ಕುಡಿದ ಹೆಂಗಸು ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಫೆಲೊಕಾಜಿ ಮೇಜಿನ ಮೇಲಿನ ಎಣ್ಣೆಯ ಕಲೆಯೊಂದನ್ನು ನೋಡುತ್ತಾ, ಇನ್ನು ಒಂದು ಗಳಿಗೆ, ಕೈ ಎತ್ತಿ ಪ್ರಮಾಣ ಮಾಡಿಬಿಟ್ಟರೆ ಮುಗಿಯಿತು ಅಂದುಕೊಂಡಳು. ಹಣದ ಕೊರತೆ. ಎಷ್ಟು ಮರ್ಯಾದಸ್ಥ ಕಾರಣ. ಈ ಪಡಸಾಲೆಯಲ್ಲಿ ಅದನ್ನು ಕೇಳಿ ಯಾರೂ ಹುಬ್ಬೇರಿಸುವುದಿಲ್ಲ, ಎಲ್ಲರ ಮನೆಯಲ್ಲೂ ಇರುವುದು ಅದೇ. ಅಜ್ಜಿಗೂ ಅದನ್ನೇ ಹೇಳಬಹುದು, ಕೊನೆಗೆ ಸರ್ಕಾರ ಮೋಸ ಮಾಡಿತು ಅನ್ನಬಹುದು.

"ತಡಿ," ಅಂದಳು ಅಜ್ಜಿ. "ಹಣದ ಕೊರತೆ ಅಂತ ನಿಂಗ್ಯಾರು ಹೇಳಿದ್ದು?"

"ಎಲ್ರಿಗೂ ಹಾಗೇ ಬರೆಯೋದು ಮಾದ್ಲೊಮೊ. ಕಾರಣ ಕೇಳ್ತಾರೆ, ಏನಾದ್ರೂ ಹಾಕ್ಬೇಕಲ್ಲ."

"ಏನಾದ್ರೂ ಹಾಕೋದಾ? ದೇವರ ಹೆಸರಲ್ಲಿ ಕೈ ಎತ್ತೋ ಕಾಗದದಲ್ಲಿ? ಹಣ ಇತ್ತಪ್ಪಾ. ನಿಧಿ ಒಪ್ಪಿಗೆ ಪತ್ರ ಬಂದಿತ್ತು, ನಾನೇ ಎದೆಗೆ ಒತ್ಕೊಂಡು ಮಲಗಿದ್ದೆ. ಬಸ್ಸಿಗೆ ಇತ್ತು, ಕಂಬಳಿಗೆ ಇತ್ತು. ಆಡು ಕಡಿದು ಹಿರಿಯರಿಗೆ ತಿಳಿಸಿದ್ದೀವಿ. ಬಡವರು ನಾವು, ನಿಜ, ಆದ್ರೆ ಈ ಮಗೂನ ಹಣ ಇಲ್ಲ ಅಂತ ವಾಪಸ್ ಕರೆಸಿಲ್ಲ. ನನ್ನ ಮನೆ ಮೇಲೆ ಸುಳ್ಳು ಬರೀಬೇಡ." ಅವಳು ಮೊಮ್ಮಗಳ ಕಡೆ ತಿರುಗಿದಳು. ದನಿಯಲ್ಲಿ ಇನ್ನೂ ಸಿಟ್ಟಿರಲಿಲ್ಲ, ನಂಬಿಕೆಯೇ ಇತ್ತು. "ಹೇಳು ಅವನಿಗೆ. ಅವನಿಗೆ ಗೊತ್ತಿಲ್ಲ. ಮುಷ್ಕರ ಆಯ್ತು, ಕಳ್ಸಿದ್ರು, ಕರೀತಾರೆ ಅಂತ ಹೇಳು."

ಫೆಲೊಕಾಜಿ ಬಾಯಿ ತೆರೆದಳು. ಅಜ್ಜಿ ಹೇಳಿಕೊಟ್ಟ ಮೂರು ಮಾತೂ ನಾಲಿಗೆಯ ಮೇಲೇ ಇದ್ದವು, ಎಂಟು ತಿಂಗಳು ಅಲ್ಲೇ ಇದ್ದವು. ಆದರೆ ಹಾಗೆ ಬರೆಸಿದರೆ ಭತ್ಯೆ ಬರುವುದಿಲ್ಲ, ಮುಂದಿನ ತಿಂಗಳೂ ಅಜ್ಜಿ ತನ್ನ ತಟ್ಟೆಯಿಂದ ಅರ್ಧ ಇವಳ ತಟ್ಟೆಗೆ ಸುರಿದು ಹಸಿವಿಲ್ಲ ಅನ್ನುತ್ತಾಳೆ. ಹಣದ ಕೊರತೆ ಅಂತ ಬರೆಸಿದರೆ ಭತ್ಯೆ ಬರುತ್ತದೆ, ಅಜ್ಜಿ ಮಾತ್ರ ಇಡೀ ಪಡಸಾಲೆಯೆದುರು ಮೊಮ್ಮಗಳನ್ನು ಕೈಬಿಟ್ಟವಳಾಗುತ್ತಾಳೆ. ಎರಡರ ನಡುವೆ ಇನ್ನೊಂದು ಜಾಗವೇ ಇರಲಿಲ್ಲ.

"ನಾನು ಮಾರನೇ ದಿನ ಹೋಗಲಿಲ್ಲ," ಅಂದಳು.

"ಏನು?"

"ಬಾ ಅಂದಿದ್ರು ಅಜ್ಜಿ. ಸಾಲಲ್ಲಿ ನಿಲ್ಬೇಡ, ನೇರ ಬಾ ಅಂದಿದ್ರು. ಪತ್ರ ಕೈಯಲ್ಲೇ ಇತ್ತು. ಎದುರಿಗೇ ಕೂತಿದ್ದೆ. ಎದ್ದು ಹೋಗಲಿಲ್ಲ. ಮುಷ್ಕರ ಒಂದೇ ವಾರ ಇದ್ದಿದ್ದು. ನನ್ನನ್ನ ಯಾರೂ ಕಳಿಸ್ಲಿಲ್ಲ. ಯಾರೂ ಕರಿಯೋದೂ ಇಲ್ಲ."

ಹೇಳಿದ ಮೇಲೆ ಅದು ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ ಅವಳಿಗೇ ಅವಮಾನವಾಯಿತು. ಇಷ್ಟೇನಾ? ಇದಕ್ಕಾ ಎಂಟು ತಿಂಗಳು? ಪಡಸಾಲೆಯಲ್ಲಿ ಯಾರೋ ನಾಲಿಗೆ ಲೊಚಗುಟ್ಟಿದರು. ತ್ಯಾಲಿ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಇಬ್ಬರ ಮುಖವನ್ನೂ ನೋಡಿದ. ಅವನ ವೃತ್ತಿಯಲ್ಲಿ ಇದಕ್ಕೆ ಬೇಕಾದ ವಾಕ್ಯ ಇರಲಿಲ್ಲ. ಅಜ್ಜಿ ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು. ಫೆಲೊಕಾಜಿ ಹೊಡೆತಕ್ಕೆ ಕಾದಳು, ಕನಿಷ್ಠ ಒಂದು ಬೈಗುಳಕ್ಕಾದರೂ.

"ಅದನ್ನ ಬರೆದ್ರೆ ಮೇಲ್ಮನವಿ ನಿಲ್ಲತ್ತೋ ಇಲ್ವೋ ಗೊತ್ತಿಲ್ಲ ತಂಗಿ," ಅಂದ ತ್ಯಾಲಿ, ದನಿ ತಗ್ಗಿಸಿ. "ಅವರಿಗೆ ಸರಿಯಾದ ಕಾರಣ ಬೇಕು. ಹಣದ ಕೊರತೆ ಅಂತಾನೇ ಇರ್ಲಿ. ಯಾರು ಬಂದು ನೋಡ್ತಾರೆ? ಮಾದ್ಲೊಮೊ, ನೀವೇ ಹೇಳಿ."

ಅಜ್ಜಿ ಮೇಜಿನ ಮೇಲಿದ್ದ ಬರೆದ ಕಾಗದವನ್ನು ಅವನ ಕಡೆಗೆ ದೂಡಿದಳು. ಹೊರಗೆ ಯಾವುದೋ ವ್ಯಾನು ಪ್ರಯಾಣಿಕರನ್ನು ಕೂಗುತ್ತಿತ್ತು.

"ಅವಳು ಹೇಳಿದ್ದನ್ನೇ ಬರಿ," ಅಂದಳು. "ಹೆಸರೂ ತೆಗೆಸ್ಬಿಡು. ಆ ಜಾಗ ಇನ್ನ್ಯಾರದ್ದೋ ಮಗೂಗೆ ಸಿಗ್ಲಿ."

ಅವನು ಹೊಸ ಕಾಗದ ತೆಗೆದುಕೊಂಡ. ನನ್ನನ್ನು ಕಿಟಕಿಗೆ ಬರಲು ಹೇಳಿದ್ದರು, ನಾನು ಹೋಗಲಿಲ್ಲ, ಅಂದಿನಿಂದ ನಿರುದ್ಯೋಗಿಯಾಗಿದ್ದೇನೆ. ಅವನು ಓದಿ ಹೇಳಿದಾಗ ಅದು ಯಾರದೋ ಅಪರಾಧದ ತಪ್ಪೊಪ್ಪಿಗೆಯ ಹಾಗಿತ್ತು. ಬರೆದದ್ದು ನಿಜವೇ? ನಿಜ. ಪ್ರಮಾಣ ಮಾಡಲು ಅಡ್ಡಿಯಿದೆಯೇ? ಇಲ್ಲ. ಫೆಲೊಕಾಜಿ ಬಲಗೈ ಎತ್ತಿದಳು. ಫೆಬ್ರವರಿಯಿಂದ ಈಚೆಗೆ ಅವಳು ಪೂರ್ತಿಯಾಗಿ ಮಾಡಿದ ಮೊದಲ ಕೆಲಸ ಅದು. ಸೀಲು ಬಿತ್ತು. ಬಾಗಿಲ ಬಳಿಯ ಬೆಳಕಿನಲ್ಲಿ ಕಾಗದದ ಚಿತ್ರ ತೆಗೆದು ಮೇಲ್ಮನವಿಯ ಜೊತೆ ಕಳಿಸಿದಳು. ತಲುಪಿದೆ ಅಂತ ಬಂತು. ಫಲಿತಾಂಶಕ್ಕೆ ಎರಡು ತಿಂಗಳು ಕಾಯಬೇಕಂತೆ.

ವ್ಯಾನಿನ ನಿಲ್ದಾಣಕ್ಕೆ ಇಬ್ಬರೂ ನಡೆದರು. ಅಜ್ಜಿ ಮುಂದೆ, ಅವಳು ನಾಲ್ಕು ಹೆಜ್ಜೆ ಹಿಂದೆ. ಮಧ್ಯಾಹ್ನದ ಪ್ರಾರ್ಥನೆಗೆ ಇನ್ನೂ ಹೊತ್ತಿತ್ತು, ಈಗ ಹೊರಟರೆ ಸಿಗುತ್ತಿತ್ತು. ಅಜ್ಜಿ ಅದರ ಮಾತೆತ್ತಲಿಲ್ಲ. ಕೋಸು ಮಾರುವವಳ ಮುಂದೆ ನಿಂತು ಒಂದು ಕೋಸು ಎತ್ತಿ ನೋಡಿ ಕೆಳಗಿಟ್ಟಳು. ಆಮೇಲೆ ತಿರುಗಿ, ಫೆಲೊಕಾಜಿ ಹತ್ತಿರ ಬರುವವರೆಗೂ ಕಾದು, ಕೇಳಿದಳು:

"ಆ ಕಿಟಕಿಯೋಳು ನಿನ್ನ ಬೈದ್ಲಾ?"

"ಇಲ್ಲ ಅಜ್ಜಿ."

"ಬಟ್ಟೆ ನೋಡಿ ನಕ್ಕಳಾ?"

"ಇಲ್ಲ. ಮಗು ಅಂತ ಕರೆದ್ಲು."

"ಬೇರೆ ಹುಡುಗೀರು? ಗಂಡುಡುಗ್ರು ಯಾರಾದ್ರೂ ಏನಾದ್ರೂ ಮಾಡಿದ್ರಾ? ಹೇಳು ಮಗಾ, ನಾನು ಯಾರಿಗೂ ಹೇಳಲ್ಲ."

ಅಜ್ಜಿಯ ಕಣ್ಣುಗಳು ಅವಳ ಮುಖದ ಮೇಲೆ ಹುಡುಕುತ್ತಿದ್ದವು. ಹೂಂ ಅಂದುಬಿಡಬಹುದಿತ್ತು. ಯಾರದಾದರೂ ಹೆಸರು, ಒಂದು ಮಾತು, ಒಂದು ನಗು, ಏನು ಕೊಟ್ಟರೂ ಅಜ್ಜಿ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದಳು.

"ಯಾರೂ ಏನೂ ಮಾಡ್ಲಿಲ್ಲ," ಅಂದಳು.

ಅಜ್ಜಿ ನಿಧಾನವಾಗಿ ತಲೆಯಾಡಿಸಿದಳು. ರಸ್ತೆಯ ಆಚೆ ಊರಿನ ವ್ಯಾನು ತುಂಬುತ್ತಿತ್ತು.

"ಯಾರಾದ್ರೂ ಏನಾದ್ರೂ ಅಂದಿದ್ರೆ," ಅಂದಳು ಅಜ್ಜಿ, "ಅವರನ್ನ ಬೈಕೊಂಡಾದ್ರೂ ನಾನು ಸಾಯೋವರ್ಗೂ ಇರ್ತಿದ್ದೆ."